ಕಂಟ್ರೋಲರ್ ಒಂದೇ, ನೆನಪು ಯಾರದ್ದು?

ನಮ್ಮ ಕಸುಬಿನಲ್ಲಿ ಹೊಸಬರು ತಪ್ಪದೇ ಎಡವುವ ಒಂದು ಜಾಗ ಇದೆ. ಎರಡು ಪುಟ ಇರುತ್ತವೆ. ಮೊದಲನೇ ಪುಟದಲ್ಲಿ ಹೆಸರು, ವಯಸ್ಸು, ಊರು ತುಂಬಿಸಿ 'ಮುಂದೆ' ಅಂತ ಒತ್ತಿದರೆ ಎರಡನೇ ಪುಟ ತೆರೆದುಕೊಂಡು ಅದೇ ಹೆಸರನ್ನು ತೋರಿಸಬೇಕು. ಎರಡಕ್ಕೂ ನೀವು ಒಂದೇ ಕಂಟ್ರೋಲರ್ ಬರೆದಿದ್ದೀರಿ. ಒಂದೇ ಕಂಟ್ರೋಲರ್ ಅಂದಮೇಲೆ ಅದಕ್ಕೆ ಹೆಸರು ಗೊತ್ತೇ ಇರುತ್ತಲ್ಲ ಅಂದ್ಕೊಂಡು ಗುಂಡಿ ಒತ್ತುತ್ತೀರಿ. ಎರಡನೇ ಪುಟ ಖಾಲಿ.

ಈ ಕಸುಬಿನವರಲ್ಲದ ಓದುಗರಿಗೆ ಒಂದು ಮಾತು. ಕಂಟ್ರೋಲರ್ ಅಂದ್ರೆ ಪುಟದ ಹಿಂದೆ ಕೂತು ಯಾವ ಮಾಹಿತಿ ಎಲ್ಲಿ ಕಾಣಬೇಕು, ಯಾವ ಗುಂಡಿ ಒತ್ತಿದರೆ ಏನಾಗಬೇಕು ಅಂತ ನೋಡಿಕೊಳ್ಳೋ ಮೇಸ್ತ್ರಿ. ಮಾಹಿತಿ, ನೋಟ, ಮೇಸ್ತ್ರಿ ಅಂತ ಕೆಲಸವನ್ನು ಮೂರು ಭಾಗ ಮಾಡೋ ಪದ್ಧತಿಯನ್ನು 1979ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದಾಗ ನಾರ್ವೆಯ ಟ್ರೂಗ್ವೆ ರೀನ್‌ಸ್ಕೌಗ್ ಹಾಕಿಕೊಟ್ಟರು. ಇವತ್ತಿಗೂ ಒಂದಲ್ಲ ಒಂದು ವೇಷದಲ್ಲಿ ಅದೇ ನಡೀತಿದೆ.

ನಾನು ಎಡವಿದ್ದು ನೋಟ್‌ಬ್ಯಾನ್ ಆದ ವರ್ಷ, ಆಂಗ್ಯುಲರ್‌ಜೆಎಸ್‌ನಲ್ಲಿ. ಅರ್ಧ ದಿನ ತಲೆ ಕೆರ್ಕೊಂಡೆ. ಪಕ್ಕದಲ್ಲಿ ಕೂರುತ್ತಿದ್ದ ಸೀನಿಯರ್, ಹಾಸನದ ಕಡೆಯವರು, ಬಂದು ನೋಡಿ ನಕ್ಕುಬಿಟ್ಟರು. "ಹೆಸರು ಒಂದೇ ಕಣೋ, ಆಳು ಬೇರೆ," ಅಂದರು. ನೀವು ಬರೆದಿರೋದು ಒಂದು ಕಂಟ್ರೋಲರ್ ಇರಬಹುದು, ಆದರೆ ಪ್ರತಿ ಪುಟ ತೆರೆದಾಗಲೂ ಅದರ ಹೊಸ ಪ್ರತಿಯೊಂದು ಹುಟ್ಟುತ್ತೆ. ಮೊದಲನೇ ಪುಟ ಮುಚ್ಚಿದ ಕೂಡಲೇ ಅದರ ಮೇಸ್ತ್ರಿ ತನ್ನ ನೆನಪಿನ ಸಮೇತ ಸಾಯುತ್ತಾನೆ. ಎರಡನೇ ಪುಟಕ್ಕೆ ಬರುವವನು ಅದೇ ಸಮವಸ್ತ್ರದ ಹೊಸ ಮನುಷ್ಯ, ನಿಮ್ಮನ್ನು ಯಾವತ್ತೂ ನೋಡಿದವನಲ್ಲ.

ಇದು ನನಗೆ ಹೊಸದೇನೂ ಆಗಿರಬಾರದಿತ್ತು. ನಮ್ಮ ಸೋದರತ್ತೆ ಕುದೂರಿನಲ್ಲಿ ಇದ್ದಾರೆ. ಅವರ ಜತೆ ಒಂದು ಸಲ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ, ಯಾವುದು ಅನ್ನೋದು ಬೇಡ. ಆದಾಯ ಪ್ರಮಾಣಪತ್ರಕ್ಕೆ ಒಂದು ಅರ್ಜಿ, ಜಾತಿ ಪ್ರಮಾಣಪತ್ರಕ್ಕೆ ಇನ್ನೊಂದು. ಕೂತಿದ್ದವರು ಒಬ್ಬರೇ. ಮೊದಲನೇ ಅರ್ಜಿ ಪಡೆದು ಸೀಲು ಒತ್ತಿ, ಎರಡನೇದಕ್ಕೆ ತಲೆ ಎತ್ತಿ "ಹೆಸರೇನಮ್ಮ?" ಅಂದರು. ಅತ್ತೆ ನನ್ನ ಕಡೆ ತಿರುಗಿ, "ಈಗ ತಾನೇ ಹೇಳಿದ್ನಲ್ಲೋ ಮಗಾ, ನಾನೇನು ಎದ್ ಹೋಗಿ ಬಂದ್ನಾ?" ಅಂತ ಪಿಸುಗುಟ್ಟಿದರು. ಕಂಟ್ರೋಲರ್ ಒಂದೇ, ನೆನಪು ಹೊಸದು.

ಇದಕ್ಕೆ ಪರಿಹಾರ ಗೊತ್ತಿರೋದೇ. ಮಾಹಿತಿಯನ್ನು ಮೇಸ್ತ್ರಿಯ ತಲೆಯಲ್ಲಿ ಇಡಬೇಡಿ, ಹೊರಗೆ ಒಂದು ಕಡೆ ಇಡಿ, ಯಾವ ಮೇಸ್ತ್ರಿ ಬಂದರೂ ಅಲ್ಲಿಂದ ತಗೊಳ್ಳಲಿ. ಆಂಗ್ಯುಲರ್‌ಜೆಎಸ್‌ನಲ್ಲಿ ಅದಕ್ಕೆ ಸರ್ವಿಸ್ ಅಂತಾರೆ. ಕಂಟ್ರೋಲರ್‌ಗಳು ಹುಟ್ಟುತ್ತ ಸಾಯುತ್ತ ಇದ್ದರೂ ಆ್ಯಪ್ ಬದುಕಿರೋವರೆಗೂ ಒಂದು ಸರ್ವಿಸ್‌ಗೆ ಒಂದೇ ಪ್ರತಿ ಇರುತ್ತೆ. ಹಾಗೇ ಮಾಡಿದೆ, ಹೆಸರು ಬಂತು. ಚಹಾ ಕುಡಿದು ಬಂದೆ.

ಸಂಜೆ ಟೆಸ್ಟಿಂಗ್‌ನವರು ಬಗ್ ಹಾಕಿದರು. ಎರಡನೇ ಪುಟದಲ್ಲಿ ರಿಫ್ರೆಶ್ ಒತ್ತಿದರೆ ಎಲ್ಲಾ ಮಾಯ. ಸರಿಯೇ, ರಿಫ್ರೆಶ್ ಅಂದ್ರೆ ಆ್ಯಪ್‌ಗೆ ಪುನರ್ಜನ್ಮ, ಪೂರ್ವಜನ್ಮದ ಸ್ಮರಣೆ ಇರಲ್ಲ. ಜತೆಗೆ ಕ್ಲೈಂಟ್ ಕಡೆಯಿಂದ ಒಂದು ಬೇಡಿಕೆ. ಅದೊಂದು ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಜಾಲತಾಣ. ರೋಗಿಗಳು ಅರ್ಧಕ್ಕೇ ಬಿಟ್ಟು ಹೋಗ್ತಾರೆ, ಮಾರನೇ ದಿನ ಬಂದರೆ ಮತ್ತೆ ಮೊದಲಿಂದ ತುಂಬಿಸೋ ಹಾಗಿರಬಾರದು ಅಂತ. ನಾನು ಎಲ್ಲವನ್ನೂ ತೆಗೆದು ಬ್ರೌಸರಿನ ಲೋಕಲ್ ಸ್ಟೋರೇಜ್‌ಗೆ ಹಾಕಿದೆ. ಹೆಚ್ಚೆಂದರೆ ಆರೇಳು ಸಾಲು ಕೋಡ್. ಲೋಕಲ್ ಸ್ಟೋರೇಜ್‌ಗೆ ಕೊನೆಯ ದಿನಾಂಕ ಇಲ್ಲ. ಟ್ಯಾಬ್ ಮುಚ್ಚಿ, ಕಂಪ್ಯೂಟರ್ ಆರಿಸಿ, ಹಬ್ಬ ಮುಗಿಸಿಕೊಂಡು ಬನ್ನಿ, ಯಾರಾದರೂ ಅಳಿಸೋವರೆಗೂ ಅದು ಅಲ್ಲೇ ಇರುತ್ತೆ. ಬುಕಿಂಗ್ ಖಚಿತವಾದ ಕೂಡಲೇ ಅಳಿಸುವ ಒಂದು ಸಾಲನ್ನೂ ಬರೆದೆ. ನನ್ನನ್ನು ಬೇಜವಾಬ್ದಾರಿ ಅಂತ ಯಾರೂ ಅನ್ನುವಂತಿರಲಿಲ್ಲ.

ಆ ಜಾಗದಲ್ಲಿ ಸೆಷನ್ ಸ್ಟೋರೇಜ್ ಇಡಬಹುದಿತ್ತು, ಟ್ಯಾಬ್ ಮುಚ್ಚಿದರೆ ಅದೂ ಹೋಗ್ತಿತ್ತು. ಸರ್ವರಿನಲ್ಲಿ ಇಟ್ಟು ಮೊಬೈಲಿಗೆ ಬರೋ ಒಟಿಪಿ ಕೇಳಿ ತೆರೆಯುವ ಹಾಗೆ ಮಾಡಬಹುದಿತ್ತು. ಎರಡೂ ಗೊತ್ತಿತ್ತು. ಶುಕ್ರವಾರ ಸಂಜೆ ಆಗಿತ್ತು.

*

ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಊರಿಗೆ ಹೋಗಿದ್ದೆ. ಸೋಲೂರಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಕುದೂರಿಗೆ ಹೋಗುವಾಗ ರಾಗಿ ಹೊಲಗಳೂ ಭೈರವನದುರ್ಗದ ಬಂಡೆಯೂ ಕಂಡರೆ ನನಗೆ ಲ್ಯಾಪ್‌ಟಾಪ್ ಅನ್ನೋ ವಸ್ತುವೇ ಮರೆತುಹೋಗುತ್ತೆ. ಅವತ್ತೂ ತಂದಿರಲಿಲ್ಲ. ಅತ್ತೆಗೆ ಮಂಡಿನೋವು ಜಾಸ್ತಿಯಾಗಿತ್ತು. "ನೀನೇ ಮಾಡಿರೋ ಆಸ್ಪತ್ರೇದು ಐತಲ್ಲ, ಅದ್ರಾಗೇ ಬರ್ಸು," ಅಂದರು. ನಾನು ಆಸ್ಪತ್ರೆ ಕಟ್ಟಿಲ್ಲ, ಬರೀ ಎರಡು ಪುಟ ಮಾಡಿದ್ದು ಅಂತ ಎಷ್ಟು ಸಲ ಹೇಳಿದರೂ ಅತ್ತೆ ಒಪ್ಪಲ್ಲ. ಸ್ಲಿಪ್ಪಿನ ಪ್ರಿಂಟೂ ಬೇಕಿತ್ತು. ಜೆರಾಕ್ಸ್ ಅಂಗಡಿಗೆ ಹೋದೆವು.

ಇಂಥ ಅಂಗಡಿ ನಿಮ್ಮೂರಲ್ಲೂ ಇದ್ದೇ ಇರುತ್ತೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಲ್ಯಾಮಿನೇಷನ್ ಮಷೀನು, ಪಾಸ್‌ಪೋರ್ಟ್ ಫೋಟೋಗೆ ನೀಲಿ ಪರದೆ. ಊರಿನ ಎಲ್ಲ ಅರ್ಜಿಗಳೂ ಅದೇ ಬ್ರೌಸರಿನಲ್ಲಿ ಹೋಗೋದು, ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ ಪಹಣಿವರೆಗೂ. ಹುಡುಗ "ನೀವೇ ಕೂತ್ಕಳಿ ಅಣ್ಣಾ," ಅಂತ ಕುರ್ಚಿ ಬಿಟ್ಟುಕೊಟ್ಟ. ವಿಳಾಸ ಹೊಡೆದೆ. ನನ್ನ ಪುಟ ತೆರೆಯಿತು.

ಅದು ಖಾಲಿ ಇರಲಿಲ್ಲ.

ಒಂದು ಹೆಸರಿತ್ತು. ನಮ್ಮ ಅತ್ತೆ ಮನೆಯ ಆಚೆ ಬೀದಿಯ ಹುಡುಗಿ, ಆಗ ಡಿಗ್ರಿ ಓದ್ತಿದ್ದಳು. ವಯಸ್ಸು, ಫೋನ್ ನಂಬರ್ ಇತ್ತು. ಯಾವ ವಿಭಾಗ ಅನ್ನೋ ಕಡೆ ಮನೋವೈದ್ಯ ವಿಭಾಗ ಆಯ್ಕೆಯಾಗಿತ್ತು. 'ತೊಂದರೆ ಏನು' ಅನ್ನುವ ಡಬ್ಬದಲ್ಲಿ ಎರಡು ಸಾಲು ಬರೆದಿದ್ದಳು. ಆ ಎರಡು ಸಾಲನ್ನು ಇಲ್ಲಿ ಬರೆಯಲ್ಲ. ಇಷ್ಟು ಹೊತ್ತಿಗೆ ಬರೆದಿರೋದರಲ್ಲೂ ಅವರನ್ನು ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬೀದಿ ಅದಲ್ಲ. ಹುಡುಗಿ ಅನ್ನೋದೂ ನಿಜ ಇರಬಹುದು, ಇಲ್ಲದಿರಬಹುದು.

ಬ್ರೌಸರ್ ತಾನಾಗೇ ತುಂಬಿಸುವ ಹೆಸರು, ನಂಬರ್ ಬೇರೆ. ಇದು ಅದಲ್ಲ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಇದು ನನ್ನ ಆರೇಳು ಸಾಲು. ಖಚಿತವಾದ ಮೇಲೆ ಅಳಿಸು ಅಂತ ಬರೆದಿದ್ದೆ. ಅವಳು ಖಚಿತ ಮಾಡಿರಲಿಲ್ಲ. ದುಡ್ಡು ಕಟ್ಟೋ ಪುಟದಲ್ಲೋ, ಅದಕ್ಕೂ ಮುಂಚೆಯೋ, ಬೇಡ ಅಂತ ಎದ್ದು ಹೋಗಿದ್ದಳು. ಧೈರ್ಯವಾಗಿ ಬುಕ್ ಮಾಡಿದವರನ್ನೆಲ್ಲ ನನ್ನ ಕೋಡ್ ಮರ್ಯಾದೆಯಾಗಿ ಮರೆಯುತ್ತಿತ್ತು. ಹಿಂಜರಿದವರನ್ನು ಮಾತ್ರ ನೆನಪಿಟ್ಟುಕೊಂಡು, ಮುಂದೆ ಯಾರು ಬಂದು ಕೂರುತ್ತಾರೋ ಅವರಿಗೆ ತೋರಿಸುತ್ತಿತ್ತು.

ಎಫ್12 ಒತ್ತಿ ಅಳಿಸಿದೆ. ಹತ್ತು ಸೆಕೆಂಡ್ ಆಗಿರಬಹುದು. ಪಕ್ಕದಲ್ಲಿ ಅತ್ತೆ, ಹಿಂದೆ ಅಂಗಡಿ ಹುಡುಗ. "ಅದೇನ್ಲಾ ಯಾರ್ದೋ ಹೆಸ್ರು ಇತ್ತಲ್ಲ?" ಅಂತ ಅತ್ತೆ ಕೇಳಿದರು. ಅವರು ಏಳನೇ ಕ್ಲಾಸ್‌ವರೆಗೂ ಓದಿದ್ದಾರೆ, ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿ ಓದ್ತಾರೆ. "ಏನಿಲ್ಲ ಅತ್ತೆ, ಯಾವುದೋ ಹಳೇದು," ಅಂದೆ. ಮೂಳೆ ವಿಭಾಗ ಆರಿಸಿ, ಮಂಡಿನೋವು ಅಂತ ಬರೆದು, ಸ್ಲಿಪ್ ಪ್ರಿಂಟ್ ತಗೊಂಡು ಹೊರಗೆ ಬಂದೆವು. ಹುಡುಗ ಹತ್ತು ರೂಪಾಯಿ ತಗೊಂಡ.

*

ವೆಬ್ ಹುಟ್ಟಿದ್ದೇ ಮರೆವಿನ ಜತೆ. ಎಚ್‌ಟಿಟಿಪಿ ಅನ್ನುವ ಅದರ ಮೂಲ ಶಿಷ್ಟಾಚಾರದಲ್ಲಿ ಪ್ರತಿಯೊಂದು ಕೋರಿಕೆಯೂ ಬಿಡಿ. ನೀವು ಕೇಳಿದಿರಿ, ಅದು ಕೊಟ್ಟಿತು, ಮುಗೀತು, ಮತ್ತೆ ಕೇಳಿದರೆ ನೀವ್ಯಾರು ಅನ್ನುತ್ತೆ. ಅಂಗಡಿ ನಡೆಸೋರಿಗೆ ಇದು ಕಷ್ಟ, ಒಂದು ಪುಟದಲ್ಲಿ ಬುಟ್ಟಿಗೆ ಹಾಕಿದ ಸಾಮಾನು ಇನ್ನೊಂದು ಪುಟದಲ್ಲಿ ಇರಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಅನ್ನೋ ಯುವಕ ಕುಕೀ ಅನ್ನುವುದನ್ನು ಕಂಡುಹಿಡಿದದ್ದು ಈ ತಾಪತ್ರಯಕ್ಕೆ. ಒಂದು ಪುಟದಿಂದ ಇನ್ನೊಂದಕ್ಕೆ ಸಣ್ಣದೊಂದು ಚೀಟಿ ದಾಟಿಸುವ ವ್ಯವಸ್ಥೆ, ಅಷ್ಟೇ. ಅದೇ ಚೀಟಿ ಆಮೇಲೆ ನಾವು ಚಪ್ಪಲಿ ನೋಡಿದ್ದನ್ನು ಸುದ್ದಿ ತಾಣಕ್ಕೂ ಹೇಳೋ ಚಾಡಿಕೋರನಾಗಿ ಬೆಳೆದದ್ದು ನಿಮಗೆಲ್ಲ ಗೊತ್ತು. ಮಾಹಿತಿ ದಾಟಿಸೋದು ಸಣ್ಣ ಅನುಕೂಲವಾಗೇ ಶುರುವಾಗುತ್ತೆ.

ಹಾಗಂತ ಮರೆವೇ ಒಳ್ಳೇದು ಅನ್ನಲಾರೆ. ಅನ್ನೋಕೆ ಹೋದರೆ ಅತ್ತೆಯ ಪ್ಲಾಸ್ಟಿಕ್ ಕವರ್ ಕಣ್ಣಿಗೆ ಬರುತ್ತೆ. ಜವಳಿ ಅಂಗಡಿಯ ಕವರು ಅದು. ಅದರಲ್ಲಿ ಪಹಣಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕು, ಮಾವನ ಮರಣ ಪತ್ರ, ಎಲ್ಲದರದ್ದೂ ನಾಕ್ನಾಕು ಜೆರಾಕ್ಸು. ಒಂದು ಇಲಾಖೆಗೆ ಗೊತ್ತಿರೋದು ಇನ್ನೊಂದಕ್ಕೆ ಗೊತ್ತಾಗಬೇಕಾದರೆ ಅತ್ತೆಯೇ ನಡೆದು ಹೋಗಿ ಹೇಳಬೇಕಿತ್ತು. ಬಸ್‌ಚಾರ್ಜು ಅವರದ್ದು, ಹಾಳಾದ ಕೂಲಿ ಅವರದ್ದು. ವ್ಯವಸ್ಥೆಯ ಮರೆವಿಗೆ ತೆರಿಗೆ ಕಟ್ಟುತ್ತಿದ್ದದ್ದು ಯಾವತ್ತೂ ಬಡವರೇ. ಈಗ ಕರ್ನಾಟಕದಲ್ಲಿ ಫ್ರೂಟ್ಸ್ ಅಂತ ಒಂದಿದೆ. ರೈತರು ಒಂದು ಸಲ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆದರೆ ಜಮೀನಿನ ವಿವರ ಬೇರೆ ಬೇರೆ ಇಲಾಖೆಗಳಿಗೆ ಸಿಗುತ್ತೆ. ಬೆಂಬಲ ಬೆಲೆಗೆ ರಾಗಿ ಮಾರೋಕೆ ಹೋದಾಗ ಕೇಳೋದು ಆ ಸಂಖ್ಯೆಯನ್ನೇ. ಅತ್ತೆಯ ಕವರ್ ಸ್ವಲ್ಪ ಹಗುರ ಆಗಿದೆ. ಅದನ್ನು ಗೇಲಿ ಮಾಡೋ ಹಕ್ಕು, ಒಂದು ಫಾರಂ ಎರಡು ಸಲ ತುಂಬಿಸಬೇಕಾದರೆ ಆ್ಯಪ್‌ಗೆ ಒಂದು ಸ್ಟಾರ್ ಕೊಡುವ ನನಗಿಲ್ಲ.

ಆದರೆ ಆ ಕವರಿನಲ್ಲಿ ಇನ್ನೊಂದು ವಿಷಯವೂ ಇತ್ತು. ಅತ್ತೆ ಅದರಿಂದ ಕಾಗದ ತೆಗೆಯೋದನ್ನು ನೋಡಬೇಕು. ಕವರನ್ನು ತೊಡೆ ಮೇಲೆ ಇಟ್ಟುಕೊಂಡು, ಬಾಯಿ ಮುದುರಿ ಹಿಡಿದು, ಕೇಳಿದ್ದನ್ನು ಮಾತ್ರ ಹೊರಗೆ ಎಳೀತಾರೆ. ರೇಷನ್ ಕಾರ್ಡ್ ಕೇಳಿದವರಿಗೆ ಪಾಸ್‌ಬುಕ್ ಕಾಣಲ್ಲ. ಬ್ಯಾಂಕಿನವರಿಗೆ ಮಾವನ ಮರಣ ಪತ್ರ ಕೊಡೋವಾಗ ಒಂದು ಕ್ಷಣ ತಡೆದು ಕೊಡ್ತಾರೆ. ಯಾವ ಮೇಜಿಗೆ ಯಾವ ಕಾಗದ ಅನ್ನೋ ತೀರ್ಮಾನ ಅವರ ಕೈಯಲ್ಲಿತ್ತು. ನಾವು ಕವರಿನ ಭಾರ ಇಳಿಸಿದ್ವಿ, ಮುದುರಿ ಹಿಡಿಯೋ ಬಾಯನ್ನೂ ಅವರಿಂದ ತಗೊಂಡ್ವಿ.

ಪಹಣಿಯನ್ನೇ ತಗೊಳ್ಳಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಲ್ಲಿ ಕರ್ನಾಟಕ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಪ್ರಪಂಚವೇ ತಿರುಗಿ ನೋಡಿದ ಕೆಲಸ. ಅದಕ್ಕೆ ಮುಂಚೆ ಲೆಕ್ಕಿಗರು ಸಿಗೋವರೆಗೂ ಕಾಯಬೇಕಿತ್ತು. ಅದಕ್ಕೂ ಮುಂಚೆ ಶಾನುಭೋಗರಿದ್ದರು, ವಂಶಪಾರಂಪರ್ಯವಾಗಿ. ಯಾರ ಹೊಲ ಎಲ್ಲಿಗೆ ಮುಗಿಯುತ್ತೆ, ಯಾರದ್ದು ಅಡವು, ಯಾವ ಅಣ್ಣತಮ್ಮಂದಿರಿಗೆ ಮಾತಿಲ್ಲ, ಎಲ್ಲವೂ ಒಬ್ಬರ ತಲೆಯಲ್ಲಿ ಮತ್ತು ಒಬ್ಬರ ಕಡತದಲ್ಲಿ. ಎಲ್ಲ ಪುಟಗಳಿಗೂ ಒಂದೇ ಕಂಟ್ರೋಲರ್, ಅದೂ ಸಾಯದ ಕಂಟ್ರೋಲರ್, ಅಪ್ಪನಿಂದ ಮಗನಿಗೆ. ಊರು ಅವರಿಗೆ ನಮಸ್ಕಾರ ಹಾಕುತ್ತಿದ್ದದ್ದು ಬರೀ ಪ್ರೀತಿಗಲ್ಲ. 1961ರಲ್ಲಿ ಆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು. ಒಬ್ಬನೇ ಎಲ್ಲವನ್ನೂ ಬಲ್ಲ ಅನ್ನೋದರಲ್ಲಿ ಏನು ತೊಂದರೆ ಇದೆ ಅಂತ ನಮ್ಮ ಹಿರಿಯರಿಗೆ ಡೇಟಾಬೇಸ್ ಅನ್ನೋ ಪದ ಬರೋದಕ್ಕೆ ಮುಂಚೇನೇ ಅರ್ಥವಾಗಿತ್ತು. ಈಗ ಪಹಣಿಯ 11ನೇ ಕಾಲಂನಲ್ಲಿ ಜಮೀನಿನ ಮೇಲಿರೋ ಸಾಲ, ಋಣ ಇರುತ್ತೆ, ಸರ್ವೆ ನಂಬರ್ ಗೊತ್ತಿದ್ದವರು ಯಾರು ಬೇಕಾದರೂ ನೋಡಬಹುದು. ಜಮೀನು ಕೊಳ್ಳುವವನಿಗೆ ಅದು ಗೊತ್ತಾಗಲೇಬೇಕು, ಇಲ್ಲದಿದ್ದರೆ ಮೋಸ ಹೋಗ್ತಾನೆ. ಹೆಣ್ಣು ಕೇಳೋಕೆ ಬರೋ ಬೀಗರಿಗೂ ಅದೇ ಪುಟ ತೆರೆಯುತ್ತೆ ಅನ್ನೋದು ಬೇರೆ ಮಾತು.

ಆ ಎರಡು ಓದುಗರ ನಡುವಿನ ವ್ಯತ್ಯಾಸಕ್ಕೆ ಹೆಲೆನ್ ನಿಸೆನ್‌ಬಾಮ್ ಅನ್ನುವ ಚಿಂತಕಿ 2010ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಗುಟ್ಟು, ಬಹಿರಂಗ ಅಂತ ಮಾಹಿತಿಯನ್ನು ಎರಡು ಗೂಡಿಗೆ ಹಾಕಬೇಡಿ, ಅದು ಯಾವ ಸಂದರ್ಭದಲ್ಲಿ ಹುಟ್ಟಿತೋ ಆ ಸಂದರ್ಭಕ್ಕೆ ತನ್ನದೇ ರೀತಿರಿವಾಜು ಇರುತ್ತೆ, ಆ ರಿವಾಜು ಮುರಿದು ಹರಿದರೆ ಅದೇ ತಪ್ಪು ಅನ್ನೋದು ಅವರ ವಾದದ ತಿರುಳು. ಓದಿದಾಗ ನನಗೆ ಅಮೆರಿಕದ ಪ್ರೊಫೆಸರರು ನಮ್ಮ ಅತ್ತೆಯ ಕವರನ್ನು ನೋಡಿ ಬರೆದ ಹಾಗಿತ್ತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು 2017ರ ಆಗಸ್ಟ್ 24ರಂದು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ತೊಂಬತ್ತು ದಾಟಿತ್ತು. ನಾನು ಎಫ್12 ಒತ್ತಿದ ಕಾಲಕ್ಕೆ ಆ ತೀರ್ಪು ಬಂದಿರಲಿಲ್ಲ. ಇದನ್ನು ನೆಪವಾಗಿ ಹೇಳ್ತಿಲ್ಲ. ನೆಪವಾಗಿ ಕೇಳಿಸಿದರೆ ಹಾಗೇ ಇರಬಹುದು.

*

ಸೋಮವಾರ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ ಆ ಸಾಲುಗಳನ್ನು ಕಿತ್ತದ್ದು. ಒಂದು ಪುಟದಿಂದ ಇನ್ನೊಂದಕ್ಕೆ ಬರೀ ಬುಕಿಂಗ್ ಸಂಖ್ಯೆ ದಾಟುವ ಹಾಗೆ ಮಾಡಿದೆ, ಉಳಿದದ್ದು ಸರ್ವರಿನಲ್ಲಿ, ಒಟಿಪಿ ಹಿಂದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಇನ್ನೂ ಚೆಂದದ ಉಪಾಯಗಳಿವೆ. ಎಎಸ್‌ಪಿ ಡಾಟ್‌ನೆಟ್‌ನಲ್ಲಿ ಟೆಂಪ್‌ಡೇಟಾ ಅಂತ ಇದೆ. ಅದರಲ್ಲಿ ಒಂದು ಮಾತು ಇಟ್ಟರೆ ಮುಂದಿನ ಪುಟ ಅದನ್ನು ಒಂದು ಸಲ ಓದಬಹುದು, ಓದಿದ ಮೇಲೆ ಅದು ಅಳಿಸಿಹೋಗುತ್ತೆ. ಮೊದಲ ಸಲ ಕಲಿತಾಗ ಇದೆಂಥ ಹುಚ್ಚು, ಕೊಟ್ಟದ್ದನ್ನು ಯಾಕೆ ಕಿತ್ಕೋಬೇಕು ಅನ್ನಿಸಿತ್ತು. ಈಗ ಅದನ್ನು ಮಾಡಿದವರಿಗೆ ಮನುಷ್ಯರ ಸಹವಾಸ ಚೆನ್ನಾಗಿ ಇದ್ದಿರಬೇಕು ಅನ್ನಿಸುತ್ತೆ.

ಬದಲಾವಣೆಯ ಜತೆ ಏನು ಬದಲಾಯಿತು ಅಂತ ಒಂದು ಸಾಲು ಬರೆಯಬೇಕಲ್ಲ. 'ಸ್ಟೋರೇಜ್ ಕ್ಲೀನಪ್' ಅಂತ ಬರೆದೆ. ಸುಳ್ಳಲ್ಲ. ರೋಗಿಗಳ ಮಾಹಿತಿ ಬೇರೆಯವರಿಗೆ ಕಾಣುತ್ತಿತ್ತು, ಸರಿ ಮಾಡಿದೆ ಅಂತ ಬರೆದಿದ್ದರೆ ಅದೂ ಸುಳ್ಳಾಗುತ್ತಿರಲಿಲ್ಲ. ಲೀಡ್‌ಗೆ ಮಾತ್ರ ಬಾಯಲ್ಲಿ ಹೇಳಿದೆ. ಅವರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರಾದರೂ ಕಂಪ್ಲೇಂಟ್ ಮಾಡಿದಾರಾ?" ಅಂದರು. ಇಲ್ಲ ಅಂದೆ. "ಸರಿ ಮಾಡಿದೀಯಲ್ಲ, ಬಿಡು."

ಕಂಪ್ಲೇಂಟ್ ಯಾರು ಮಾಡ್ತಾರೆ? ಲೋಕಲ್ ಸ್ಟೋರೇಜ್ ಇರೋದು ಬಳಸುವವರ ಕಂಪ್ಯೂಟರಿನಲ್ಲಿ. ಅದರಲ್ಲಿ ಏನು ಉಳೀತು, ಯಾರಿಗೆ ಕಂಡಿತು ಅನ್ನೋದು ನಮ್ಮ ಸರ್ವರಿಗೆ ತಿಳಿಯಲ್ಲ, ಯಾವ ಲಾಗಿನಲ್ಲೂ ಇಲ್ಲ. ಆ ತಿಂಗಳುಗಳಲ್ಲಿ ಎಷ್ಟು ಊರಿನ ಎಷ್ಟು ಜೆರಾಕ್ಸ್ ಅಂಗಡಿಗಳಲ್ಲಿ ಎಷ್ಟು ಜನರ ಎರಡೆರಡು ಸಾಲು ಯಾರ್ಯಾರಿಗೆ ಕಂಡವೋ ಲೆಕ್ಕವೇ ಸಿಗಲ್ಲ. ನೋವಾದವರಿಗೆ ನೋವಾಗಿದ್ದೇ ಗೊತ್ತಿಲ್ಲ, ಗೊತ್ತಾದರೂ ಯಾಕೆ ಅಂತ ಗೊತ್ತಿಲ್ಲ. ಊರಿನ ಬಾಯಿ ಅಂದ್ಕೊಂಡಿರ್ತಾರೆ. ಯಾರಿಗೂ ಗೊತ್ತಾಗದ ತಪ್ಪು ತಪ್ಪೇನಾ ಅಂತ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಡುತ್ತಿದ್ದರು, ನಾನು ಒಂದು ಸಲ ಬಹುಮಾನ ಕೂಡ ತಗೊಂಡಿದ್ದೆ. ಯಾವ ಪಕ್ಷದಲ್ಲಿ ಮಾತಾಡಿದ್ದೆ ಅಂತ ನೆನಪಿಲ್ಲ.

ಅವಳಿಗೆ ಹೇಳಬೇಕಿತ್ತಾ? ಇಲ್ಲಿ ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ. ಹೇಳದಿದ್ದರೆ ಅವಳ ವಿಷಯ ಹೊರಬಿದ್ದಿರೋದು ಅವಳಿಗೇ ಗೊತ್ತಿರಲ್ಲ. ಹೇಳೋಕೆ ಹೋದರೆ, ಅಣ್ಣನ ವಯಸ್ಸಿನ, ಹಬ್ಬಕ್ಕೆ ಊರಿಗೆ ಬರೋ ಒಬ್ಬ ಗಂಡಸು ಮುಂದೆ ನಿಂತು, ನೀನು ಬರೆದ ಎರಡು ಸಾಲು ನಾನು ಓದಿದೆ ಅಂತ ಹೇಳಿದ ಹಾಗಾಗುತ್ತೆ. ಹತ್ತು ಸೆಕೆಂಡಿನ ಸೋರಿಕೆಯನ್ನು ಅವಳು ಜೀವನಪೂರ್ತಿ ನನ್ನ ಮುಖದಲ್ಲಿ ನೋಡಬೇಕು. ಈ ವಾದ ನನಗೆ ಬಹಳ ಒಪ್ಪಿಗೆಯಾಯ್ತು. ಒಪ್ಪಿಗೆಯಾಗಿದ್ದಕ್ಕೇ ಅದರ ಮೇಲೆ ನನಗೆ ಅನುಮಾನ. ನನಗೆ ಅನುಕೂಲವಾದ ಮೌನವನ್ನು ಅವಳ ಮೇಲಿನ ಕನಿಕರ ಅಂತ ಹೆಸರು ಬದಲಿಸಿ ಉಳಿಸಿಕೊಂಡಿರಬಹುದು. ಕಾನೂನು ಈಗ ಇದನ್ನು ನಮ್ಮ ಮನಸ್ಸಿನ ಒದ್ದಾಟಕ್ಕೆ ಬಿಟ್ಟಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಸೋರಿದರೆ ಸಂಬಂಧಪಟ್ಟ ಮಂಡಳಿಗೂ ಹೇಳಬೇಕು, ಯಾರ ಮಾಹಿತಿಯೋ ಅವರಿಗೂ ಹೇಳಬೇಕು ಅನ್ನುತ್ತೆ. ಅದನ್ನು ಓದಿದಾಗ ಸಂಕಟದ ಜತೆ ಒಂಥರಾ ಹಗುರವೂ ಆಯ್ತು. ಹೇಳೋದು ಕಂಪನಿಯ ಬಾಯಿಂದ, ಒಂದು ಕಾಗದದಲ್ಲಿ ಆಗಿದ್ದಿದ್ದರೆ ನನ್ನ ಮುಖ ಅದರಲ್ಲಿ ಇರುತ್ತಲೇ ಇರಲಿಲ್ಲ. ಆ ದಾರಿ ಅವತ್ತೂ ಇತ್ತು. ಲೀಡ್ "ಬಿಡು" ಅಂದಾಗ ನಾನು ಬಿಟ್ಟೆ.

ಅದಾಗಿ ಮೂರ್ನಾಲ್ಕು ತಿಂಗಳಿಗೆ ಒಂದು ಬೀಗರೂಟದಲ್ಲಿ ಅತ್ತೆ ಎಲೆ ಮುಂದೆ ಕೂತು, ಮಾಮೂಲಿ ಊರ ಸುದ್ದಿ ಹೇಳ್ತಾ ಹೇಳ್ತಾ, "ಆ ಹುಡುಗೀನ ಬೆಂಗ್ಳೂರಲ್ಲಿ ಯಾವ್ದೋ ಡಾಕ್ಟ್ರಿಗೆ ತೋರುಸ್ತಾವ್ರಂತೆ ಕಣ್ಲಾ, ತಲೆ ಸರಿಗಿಲ್ವಂತೆ," ಅಂದರು. ಮುದ್ದೆ ಗಂಟಲಲ್ಲಿ ನಿಂತಿತು. ಯಾರು ಹೇಳಿದ್ದು ಅಂತ ಕೇಳಿದೆ. "ಯಾರು ಅಂದ್ರೆ? ಊರೇ ಅಂತೈತೆ."

ಊರು ಅಂದ್ರೆ ಯಾರು? ಅಂಗಡಿ ಹುಡುಗನಾ? ನನಗಿಂತ ಮುಂಚೆ ಆ ಪುಟ ತೆರೆದ ಇನ್ಯಾರೋನಾ? ಅಕ್ಷರ ಕೂಡಿಸಿ ಓದುವ ಅತ್ತೆಯೇನಾ? ಅಥವಾ ಅದಕ್ಕೂ ನನಗೂ ಸಂಬಂಧವೇ ಇಲ್ಲದೆ ಅವರ ಮನೆಯಿಂದಲೇ, ಬಾವಿಕಟ್ಟೆಯಿಂದ ಬಾವಿಕಟ್ಟೆಗೆ, ಊರಿಗೆ ಗೊತ್ತಾಗುವ ಹಾಗೆ ಗೊತ್ತಾಯಿತಾ? ತಲೆ ಸರಿಯಿಲ್ಲ ಅನ್ನೋ ಮಾತು ಅವಳ ಎರಡು ಸಾಲಿನಲ್ಲಿ ಇರಲಿಲ್ಲ, ಅಷ್ಟನ್ನು ಹೇಳಬಲ್ಲೆ. ದಾಟುವಾಗ ಎಲ್ಲೋ ಸೇರಿಕೊಂಡಿತ್ತು. "ಹಂಗೆಲ್ಲ ಅನ್ಬೇಡಿ ಅತ್ತೆ, ನಿದ್ದೆ ಬರದಿದ್ದರೂ ಅದೇ ಡಾಕ್ಟರಿಗೆ ತೋರಿಸ್ತಾರೆ, ನಿಮ್ಮ ಮಂಡಿಗೆ ತೋರಿಸಿದ ಹಾಗೆ," ಅಂದೆ. ಅತ್ತೆ ನನ್ನ ಮುಖ ನೋಡಿದರು. ನಿದ್ದೆಯ ಮಾತು ನನಗೆ ಹೇಗೆ ಗೊತ್ತು ಅಂತ ಕೇಳಲಿಲ್ಲ. ಕೇಳಿಬಿಡ್ತಾರೇನೋ ಅಂತ ಪಾಯಸ ಬರೋವರೆಗೂ ಹೆದರಿಕೊಂಡೇ ಕೂತಿದ್ದೆ.

*

ಇಷ್ಟನ್ನು ಈಗ ಬರೆಯೋಕೆ ಕಾರಣ ಇದೆ. ಹೋದ ತಿಂಗಳು ಕುದೂರು ಬಸ್ ಸ್ಟಾಂಡಿನಲ್ಲಿ ಅವಳು ಸಿಕ್ಕಳು. ಈಗ ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸ, ಪೀಣ್ಯ ಹತ್ತಿರ ಪಿಜಿಯಲ್ಲಿ ಇದ್ದಾಳೆ. ಚೆನ್ನಾಗಿ ಮಾತಾಡಿದಳು, ನಗ್ತಿದ್ದಳು. "ಅಣ್ಣಾ, ನಿಮ್ಮ ಕಂಪನೀಲಿ ಓಪನಿಂಗ್ ಇದ್ರೆ ಹೇಳಿ, ರೆಸ್ಯೂಮ್ ಕಳಿಸ್ತೀನಿ," ಅಂದಳು. ನಮ್ಮ ಟೀಮಿನಲ್ಲೇ ಒಂದು ಜಾಗ ಖಾಲಿ ಇತ್ತು. ರಾತ್ರಿಯೇ ಕಳಿಸಿದಳು. ಒಳ್ಳೆ ರೆಸ್ಯೂಮ್, ನನಗೆ ಆ ಅನುಭವಕ್ಕೆ ಅಷ್ಟು ಚೆನ್ನಾಗಿ ಇರಲಿಲ್ಲ.

ಶಿಫಾರಸು ಮಾಡೋಕೆ ನಮ್ಮಲ್ಲೊಂದು ಫಾರಂ ಇದೆ, ಎರಡು ಪುಟ. ಮೊದಲನೇದರಲ್ಲಿ ಅಭ್ಯರ್ಥಿಯ ವಿವರ. ಎರಡನೇದರಲ್ಲಿ 'ಇವರು ನಿಮಗೆ ಹೇಗೆ ಗೊತ್ತು' ಮತ್ತು 'ತಂಡಕ್ಕೆ ತಿಳಿಸಬೇಕಾದ್ದು ಏನಾದರೂ ಇದೆಯೇ'. ಆ ಕೊನೆಯ ಡಬ್ಬದ ಮುಂದೆ ಕೂತಾಗ ನನ್ನ ತಲೆಯೊಳಗೆ ಒಂದು ಮಾತು ಬಂತು. ರಿಲೀಸ್ ಸಮಯದಲ್ಲಿ ರಾತ್ರಿಯೆಲ್ಲ ಕೂರೋ ಟೀಮ್ ಇದು, ತಡ್ಕೊಳ್ತಾಳಾ?

ರೆಸ್ಯೂಮಿನಲ್ಲಿ ಇಲ್ಲದ, ಬಸ್ ಸ್ಟಾಂಡಿನಲ್ಲಿ ಕಾಣದ ಪ್ರಶ್ನೆ ಅದು. ಆಸ್ಪತ್ರೆಯ ಒಬ್ಬ ಡಾಕ್ಟರಿಗೆ ಬರೆದ, ಕಳಿಸದೇ ಬಿಟ್ಟ ಎರಡು ಸಾಲಿನಿಂದ ಬಂದದ್ದು. ಬ್ರೌಸರಿನಿಂದ ಅಳಿಸಿ ಇಷ್ಟು ವರ್ಷ ಆಗಿದೆ. ಬೇರೆ ಯಾರಿಗಾದರೂ ಈ ಪ್ರಶ್ನೆ ಬಂದಿದ್ದರೆ ನಾನು ಜಗಳ ಆಡುತ್ತಿದ್ದೆ. ಮತ್ತೆ ಅವಳ ಒಳ್ಳೇದಕ್ಕೇ ಅಲ್ಲವಾ, ಒತ್ತಡ ಇಲ್ಲದ ಬೇರೆ ಟೀಮಿಗೆ ಹೇಳೋಣ ಅಂತ ಇನ್ನೊಂದು ಮಾತೂ ಹಿಂದೆಯೇ ಬಂತು, ಮೊದಲನೇದಕ್ಕಿಂತ ಮೆತ್ತಗೆ.

ಎದ್ದು ಹೋಗಿ ನೀರು ಕುಡಿದು ಬಂದೆ. 'ಹೇಗೆ ಗೊತ್ತು' ಅನ್ನೋ ಕಡೆ 'ನಮ್ಮೂರವರು' ಅಂತ ಬರೆದೆ. ಕೊನೆಯ ಡಬ್ಬದಲ್ಲಿ ಕರ್ಸರ್ ಮಿಟುಕಿಸ್ತಾ ಇತ್ತು. ಅದನ್ನು ಖಾಲಿ ಬಿಟ್ಟು, ನಮ್ಮದೇ ಟೀಮಿನ ಹೆಸರು ಆರಿಸಿ ಕಳಿಸಿದೆ. ಇಂಟರ್‌ವ್ಯೂ ಬರೋ ಗುರುವಾರ. ಪ್ಯಾನೆಲ್‌ನಲ್ಲಿ ನನ್ನ ಹೆಸರೂ ಹಾಕಿದ್ದರು, ತೆಗೆಸಿದ್ದೇನೆ. ಯಾಕೆ ಅಂತ ಮ್ಯಾನೇಜರ್ ಕೇಳಿದರು. ಊರವರು, ಸರಿ ಹೋಗಲ್ಲ ಅಂದೆ.